ಆರ್ಲೋ ಗೊಣಗಿದ್ದಕ್ಕೆ ಬಂದ ಪುಟ್ಟ ಫ್ರಿಜ್ಜು

ಮಿನೆಸೋಟದ ನಮ್ಮ ಟಾರ್ಡಲ್ ಊರಿನಲ್ಲಿ ಜಂಬ ಕೊಚ್ಚುವವರು ಯಾರೂ ಇಲ್ಲ. ಜಂಬ ಇಲ್ಲವೆಂದಲ್ಲ, ಅದು ಬೇಕಾದಷ್ಟಿದೆ. ಹೊರಗೆ ಬಿಡುವ ಕ್ರಮ ಮಾತ್ರ ಬೇರೆ. ಇಲ್ಲಿ ಜಂಬವನ್ನು ಗೊಣಗಾಟದ ರೂಪದಲ್ಲಿಯೇ ಪ್ರಕಟಿಸಬೇಕು. ಹೊಸ ಟ್ರಕ್ಕು ಕೊಂಡವನು, ‘ಹಾಳಾದ್ದು ಗ್ಯಾರೇಜಿನೊಳಗೆ ಹಿಡಿಯೋದೇ ಇಲ್ಲ’ ಎಂದು ನಿಟ್ಟುಸಿರು ಬಿಡುತ್ತಾನೆ. ಮುಸುಕಿನ ಜೋಳ ಚೆನ್ನಾಗಿ ಬೆಳೆದವನು, ‘ಇಷ್ಟನ್ನೂ ಎಲ್ಲಿ ತುಂಬಿಡಲಿ’ ಎಂದು ತಲೆ ಹಿಡಿದು ಕೂರುತ್ತಾನೆ. ಕೇಳಿದವರು ಫ್ಯಾರನ್‌ಹೀಟನ್ನು ಸೆಲ್ಸಿಯಸ್ಸಿಗೆ ಬದಲಾಯಿಸಿದ ಹಾಗೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ‘ಅಯ್ಯೋ ಪಾಪ’ ಎಂದು ಹೊಟ್ಟೆಕಿಚ್ಚುಪಡುತ್ತಾರೆ.

ಇದರ ಜೊತೆಗೆ ಇನ್ನೆರಡು ನಿಯಮಗಳಿವೆ. ಯಾರನ್ನೂ ನೇರವಾಗಿ ಪ್ರಶ್ನೆ ಕೇಳಬಾರದು. ಅದು ಪೊಲೀಸರ ಕೆಲಸ. ಯಾರನ್ನೂ ನೇರವಾಗಿ ಹೊಗಳಬಾರದು. ಅದು ಅವರ ಶವಸಂಸ್ಕಾರದ ದಿನ ಪಾದ್ರಿಗಳು ಮಾಡುವ ಕೆಲಸ. ಆ ದಿನ ನೆರೆಹೊರೆಯವರು ನೂಡಲ್ಸು, ಮಾಂಸ, ಅಣಬೆಯ ಸೂಪು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಅದಕ್ಕೆ ಹಾಟ್‌ಡಿಶ್ ಎಂದು ಹೆಸರಿಟ್ಟು, ದುಃಖದ ಮನೆಗೆ ಹೊತ್ತುಕೊಂಡು ಹೋಗುತ್ತಾರೆ.

ನಾನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಅಳೆಯದ ಮಾತು ನನಗೆ ಹಿಡಿಸದು. ಆದ್ದರಿಂದ ನಮ್ಮ ಎದುರುಮನೆಯ ಆರ್ಲೋ ಬ್ರೆಕ್ಕೆಯ ಪ್ರಕರಣವನ್ನು ನಡೆದದ್ದು ನಡೆದ ಹಾಗೆಯೇ ಹೇಳುತ್ತೇನೆ.

ಆರ್ಲೋ ಉಪ್ಪು ಹೊರುವವನು. ನಮ್ಮೂರಿನ ನೀರು ವಿಪರೀತ ಗಡಸು. ಸೋಪು ಹಚ್ಚಿದರೆ ನೊರೆಯ ಬದಲು ಮೊಸರು ಬರುತ್ತದೆ. ಹಾಗಾಗಿ ಪ್ರತಿ ಮನೆಯ ನೆಲಮಾಳಿಗೆಯಲ್ಲೂ ನೀರನ್ನು ಮೆದುಮಾಡುವ ಯಂತ್ರವೊಂದಿದೆ, ಅದಕ್ಕೆ ಆಗಾಗ ಉಪ್ಪು ಸುರಿಯಬೇಕು. ಆರ್ಲೋ ಚೀಲ ಹೊತ್ತು ಮೆಟ್ಟಿಲಿಳಿದು ಸುರಿದು ಬರುತ್ತಾನೆ. ಇಷ್ಟು ವರ್ಷ ಉಪ್ಪು ಹೊತ್ತರೂ ಯಂತ್ರದ ಮರ್ಮ ಅವನಿಗೆ ತಿಳಿಯದು. ಉಪ್ಪು ಸುರಿದರೂ ನೀರು ಉಪ್ಪಾಗುವುದಿಲ್ಲವಲ್ಲ ಎಂದು ಯಾರಾದರೂ ಬೆರಗಾದರೆ, ‘ಅದು ಒಳಗೇ ಏನೋ ಮಾಡ್ಕೊಳ್ಳುತ್ತೆ’ ಎನ್ನುತ್ತಾನೆ. ಒಮ್ಮೆ ಮನೆ ತಪ್ಪಿ ಹೋಗಿ, ಪಾದ್ರಿಗಳ ಬಟ್ಟೆ ಒಗೆಯುವ ಯಂತ್ರಕ್ಕೇ ಒಂದು ಚೀಲ ಸುರಿದು, ರಸೀದಿ ಕೊಟ್ಟು ಬಂದಿದ್ದ.

ಅವನ ಒಬ್ಬಳೇ ಮಗಳು ಟೋವಾ. ಹನ್ನೆರಡನೇ ತರಗತಿಯವರೆಗಿನ ನಮ್ಮ ಹೈಸ್ಕೂಲಿನಲ್ಲಿ ಅವಳಿಗೆ ಇನ್ನೊಂದು ವರ್ಷ ಬಾಕಿಯಿತ್ತು. ದನಕರುಗಳ ಡಾಕ್ಟರಾಗಬೇಕೆಂಬುದು ಅವಳ ಆಸೆ. ಆ ಮನೆತನದಲ್ಲಿ ಈವರೆಗೆ ಕಾಲೇಜಿನ ಮೆಟ್ಟಿಲು ಹತ್ತಿದವನು ಆರ್ಲೋ ಒಬ್ಬನೇ, ಅದೂ ಉಪ್ಪಿನ ಚೀಲದೊಂದಿಗೆ. ನಮ್ಮ ಕಡೆ ಒಂದು ಅನುಕೂಲವಿದೆ: ಹೈಸ್ಕೂಲಿನ ಮಕ್ಕಳು ಬೇಸಿಗೆ ರಜೆಯಲ್ಲಿ ಕಾಲೇಜಿಗೆ ಹೋಗಿ ಒಂದು ವಿಷಯ ಓದಿ ಪಾಸಾದರೆ, ಆ ಕ್ರೆಡಿಟ್ಟುಗಳು ಮುಂದೆ ವಿಶ್ವವಿದ್ಯಾಲಯಕ್ಕೂ ಸಲ್ಲುತ್ತವೆ. ಟೋವಾ ಪಕ್ಕದೂರಿನ ಸಮುದಾಯ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಸೇರಿಕೊಂಡಳು. ಸೇರುವ ದಿನ ಅಪ್ಪನಿಂದ ಮಾತು ತೆಗೆದುಕೊಂಡಳು.

“ಅಪ್ಪ, ಯಾರಿಗೂ ಹೇಳ್ಬೇಡ. ನನ್ನ ಕೈಲಿ ಆಗುತ್ತೋ ಇಲ್ವೋ, ಸದ್ದಿಲ್ದೆ ನೋಡ್ಕೋಬೇಕು ನಾನು.”

“ನನ್ನ ಬಾಯಿಂದ ಒಂದು ಮಾತು ಹೊರಟರೆ ಕೇಳು,” ಎಂದ ಆರ್ಲೋ.

ತನ್ನ ಲೆಕ್ಕದಲ್ಲಿ ಅವನು ಮಾತಿಗೆ ತಪ್ಪಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಗೊಣಗಿದ, ಅಷ್ಟೆ.

ಮೊದಲು ಗೊಣಗಿದ್ದು ಆರ್ಡಿಸ್ ಕ್ವಾಮಳ ನೆಲಮಾಳಿಗೆಯಲ್ಲಿ. ಆರ್ಡಿಸ್ ಅಂಚೆ ಕಚೇರಿಯಿಂದ ನಿವೃತ್ತಳಾದ ಮುದುಕಿ. ಕಾಗದ ಹಂಚುವುದನ್ನು ಬಿಟ್ಟಿದ್ದಾಳೆ, ಸುದ್ದಿ ಹಂಚುವುದನ್ನು ಬಿಟ್ಟಿಲ್ಲ.

“ಮುಖ ಯಾಕೋ ಸೊರಗಿದೆ, ಆರ್ಲೋ,” ಎಂದಳು. ಇದು ಪ್ರಶ್ನೆಯಲ್ಲ, ಗಮನಿಸಬೇಕು.

“ಏನು ಹೇಳ್ಲಿ ಆರ್ಡಿಸ್, ಈ ಬೇಸಿಗೆ ಹಾಳಾಯ್ತು. ದಿನಾ ಬೆಳಿಗ್ಗೆ ಟೋವಾನ ಕಾಲೇಜಿಗೆ ಬಿಡ್ಬೇಕು. ಮೀನು ಹಿಡಿಯೋಕೂ ಹೋಗಂಗಿಲ್ಲ.”

“ಕಾಲೇಜಿಗೆ,” ಎಂದಳು ಆರ್ಡಿಸ್, ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು.

“ಹೂಂ. ಪುಸ್ತಕ ನೋಡ್ಬೇಕು ನೀವು, ಒಂದು ಉಪ್ಪಿನ ಚೀಲದ ಭಾರ. ಎಳೇ ಹುಡುಗಿ ಬೆನ್ನಿಗೆ ಅಷ್ಟೊಂದು ಹೊರಿಸ್ತಾರಾ? ಕನಿಕರ ಇಲ್ಲ ಜನಕ್ಕೆ.”

“ಅಯ್ಯೋ ಪಾಪ,” ಎಂದಳು ಆರ್ಡಿಸ್. ಅವಳ ಕಣ್ಣುಗಳು ಹೊಳೆಯುತ್ತಿದ್ದವು.

ಬೇರೆ ಊರಾಗಿದ್ದರೆ ಅವಳು ‘ಯಾವ ಕಾಲೇಜು, ಎಷ್ಟು ವಿಷಯ, ಎಷ್ಟು ದಿನ’ ಎಂದು ಕೇಳುತ್ತಿದ್ದಳು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವಂತಿಲ್ಲವಾದ್ದರಿಂದ ಅವಳು ಲೆಕ್ಕ ಹಾಕಿದಳು. ಭಾನುವಾರ ಚರ್ಚಿನ ಕಾಫಿಯ ಹೊತ್ತಿಗೆ ಟೋವಾ ಹೈಸ್ಕೂಲಿನ ಕೊನೆಯ ವರ್ಷವನ್ನು ಹಾರಿ ನೇರ ಕಾಲೇಜು ಸೇರಿದ್ದಳು. ಕಾಫಿಯ ಎರಡನೆಯ ಲೋಟದ ಹೊತ್ತಿಗೆ ಆ ಕಾಲೇಜು ವಿಶ್ವವಿದ್ಯಾಲಯವಾಗಿತ್ತು. ಪಾತ್ರೆ ತೊಳೆಯುವಾಗ ಅದು ರಾಜ್ಯದ ಗಡಿ ದಾಟಿ ಪೂರ್ವ ಕರಾವಳಿ ತಲುಪಿತ್ತು.

“ಅಪ್ಪನಿಗೆ ದಿನಾ ಬಿಟ್ಟು ಬರೋದೇ ಒಂದು ಕೆಲಸವಂತೆ,” ಎಂದು ಒಬ್ಬರು ನೆನಪಿಸಿದರು. ಪೂರ್ವ ಕರಾವಳಿಗೆ ದಿನಾ ಟ್ರಕ್ಕಿನಲ್ಲಿ ಬಿಟ್ಟು ಬರುವುದು ಹೇಗೆಂದು ಯಾರೂ ಕೇಳಲಿಲ್ಲ. ಕೇಳುವಂತಿಲ್ಲವಲ್ಲ.

ಇತ್ತ ಟೋವಾ ಒಂದು ಸಂಜೆ ಮೊದಲ ಪರೀಕ್ಷೆಯ ಹಾಳೆ ಹಿಡಿದು ನಮ್ಮ ಮನೆಯ ಜಗಲಿಗೆ ಬಂದಳು. ನೂರಕ್ಕೆ ನಲವತ್ತೊಂದು.

“ನೀವು ಕೆಮಿಸ್ಟ್ರಿ ಓದಿದೋರಲ್ವಾ. ಈ ಅಯಾನು, ಧನ, ಋಣ, ಸಮ ಮಾಡೋದು... ಒಂದೂ ಹತ್ತಲ್ಲ ನನಗೆ. ಸೋಮವಾರದೊಳಗೆ ಹೆಸರು ತೆಗೆಸಿದ್ರೆ ದಾಖಲೇಲಿ ಏನೂ ಉಳಿಯಲ್ಲ. ಆಮೇಲೆ ಫೇಲಾದ್ರೆ ಆ ಗ್ರೇಡು ಜೀವನಪೂರ್ತಿ ನನ್ನ ಹೆಸರಿನ ಹಿಂದೆ ಬರುತ್ತಂತೆ.” ಹಾಳೆಯನ್ನು ಮಡಚುತ್ತ ಸೇರಿಸಿದಳು: “ತೆಗೆಸಿಬಿಡ್ತೀನಿ ಅನ್ಸುತ್ತೆ. ನಮ್ಮಂಥೋರಿಗಲ್ಲ ಇದು.”

ನಾನು ಉತ್ಸಾಹದಿಂದ ವಿವರಿಸತೊಡಗಿದೆ. ಎಲೆಕ್ಟ್ರಾನಿನಿಂದ ಆರಂಭಿಸಿ ಕಕ್ಷೆಗಳನ್ನು ದಾಟಿ ಬಹಳ ದೂರ ಹೋದೆ. ಮುಗಿಸಿದಾಗ ಟೋವಾ, “ಥ್ಯಾಂಕ್ಸ್. ಬರೋವಾಗ ಅರ್ಥವಾಗಿದ್ದ ಒಂದೆರಡು ವಿಷಯಾನೂ ಈಗ ಹೋಯ್ತು,” ಎಂದಳು. ವಿಜ್ಞಾನದಲ್ಲಿ ಇಂಥ ಫಲಿತಾಂಶವನ್ನೂ ದಾಖಲಿಸಬೇಕಾಗುತ್ತದೆ.

ಅಷ್ಟರಲ್ಲಿ ಆರ್ಲೋ ರಸ್ತೆ ದಾಟಿ ಬಂದ. “ಟೋವಾ, ಮಿಸ್ಟರ್ ಪ್ರಿಬಿಲ್ ಬಂದಿದ್ರು. ನಿನ್ನ ಸೂಸಫೋನ್ ತಗೊಂಡು ಹೋದ್ರು. ರಿಪೇರಿಗಿರ್ಬೇಕು ಅಂತ ನಾನೇ ಟ್ರಕ್ಕಿಗೆ ಏರಿಸಿಕೊಟ್ಟೆ. ಯಾಕೋ ಆ ಮನುಷ್ಯ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು.”

ಪ್ರಿಬಿಲ್ ಎಂದರೆ ಶಾಲೆಯ ವಾದ್ಯವೃಂದದ ಮೇಷ್ಟ್ರು, ನಮ್ಮೂರಿನ ಅತಿ ದಪ್ಪ ಮನುಷ್ಯ. ಸೂಸಫೋನ್ ಎಂದರೆ ಮೈಗೆ ಸುತ್ತಿಕೊಂಡು ಊದುವ ಭಾರೀ ಹಿತ್ತಾಳೆ ಕೊಂಬು. ಶಾಲೆಗೆ ಇರುವುದು ಒಂದೇ. ಅದನ್ನು ಹೊತ್ತು ನಡೆಯುತ್ತ ಊದಬಲ್ಲವಳು ಟೋವಾ ಒಬ್ಬಳೇ. ಕೊನೆಯ ವರ್ಷ ಮೆರವಣಿಗೆಯ ಮುಂಚೂಣಿಯಲ್ಲಿ ಅದನ್ನು ಊದುವುದಕ್ಕಾಗಿ ಅವಳು ಮೂರು ವರ್ಷ ಹಿಂದಿನ ಸಾಲಿನಲ್ಲಿ ನಡೆದಿದ್ದಳು.

ಟೋವಾ ಮೆಲ್ಲಗೆ ಎದ್ದು ನಿಂತಳು. “ಅಪ್ಪ. ಯಾರಿಗೆ ಏನು ಹೇಳಿದ್ದೀಯ?”

“ದೇವರಾಣೆ, ಏನೂ ಹೇಳಿಲ್ಲ. ಸ್ವಲ್ಪ ಗೊಣಗಿದೆ.”

“ಗೊಣಗಿದ್ಯಾ!” ಎಂದು ಟೋವಾ ತಲೆಯ ಮೇಲೆ ಕೈ ಹೊತ್ತಳು. ಅವಳೂ ಟಾರ್ಡಲ್‌ನಲ್ಲೇ ಹುಟ್ಟಿದವಳು. “ಊರಿಗೆಲ್ಲಾ ಗೊಣಗಿದ್ಯಾ?”

“ಊರಿಗೆಲ್ಲಾ ಅಲ್ಲ. ಉಪ್ಪು ಹಾಕಿಸ್ಕೊಳ್ಳೋ ಮನೆಗಳಿಗೆ ಮಾತ್ರ.”

ಉಪ್ಪು ಹಾಕಿಸಿಕೊಳ್ಳದ ಮನೆ ಊರಿನಲ್ಲಿ ಒಂದೂ ಇಲ್ಲ.

“ಹೋಗಿ ಸರಿಮಾಡು,” ಎಂದಳು ಟೋವಾ. “ಒಂದೇ ವಿಷಯ ಅಂತ ಹೇಳು. ನಲವತ್ತೊಂದು ಬಂತು ಅಂತಾನೂ ಹೇಳು. ಶಾಲೆ ಬಿಟ್ಟಿಲ್ಲ ಅಂತ ಹೇಳು. ನನ್ನ ಕೊಂಬು ವಾಪಸ್ ತಗೊಂಡು ಬಾ.”

ಆರ್ಲೋ ಮರುದಿನವೇ ಹೊರಟ. ಪಾಪ, ಅವನ ಉದ್ದೇಶ ಶುದ್ಧವಾಗಿತ್ತು. ಆದರೆ ಊರಿನ ಕಿವಿಗಳು ಪರಿವರ್ತನೆಗೆ ಹೊಂದಿಸಿಟ್ಟ ಕಿವಿಗಳು.

“ಆರ್ಡಿಸ್, ನೀವು ಅಂದ್ಕೊಂಡಂಗೇನೂ ಇಲ್ಲ. ಒಂದೇ ಒಂದು ವಿಷಯ. ಅದೂ ಪರೀಕ್ಷೇಲಿ ನಲವತ್ತೊಂದು ಬಂದಿದೆ, ಅಷ್ಟೆ.”

“ಅಯ್ಯೋ ಪಾಪ, ಅಷ್ಟೇನಾ,” ಎಂದು ಆರ್ಡಿಸ್ ಎದೆಯ ಮೇಲೆ ಕೈಯಿಟ್ಟುಕೊಂಡಳು. ಇಷ್ಟು ದೊಡ್ಡ ಗೊಣಗಾಟವನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಅವನು ಹೋದ ಕೂಡಲೇ ಫೋನು ಎತ್ತಿದಳು. “ನಲವತ್ತಕ್ಕೆ ನಲವತ್ತೊಂದಂತೆ! ಅಪ್ಪ ಮುಖ ಸಣ್ಣ ಮಾಡ್ಕೊಂಡು ಹೇಳ್ತಾನೆ.”

ಆರ್ಲೋ ಶಾಲೆಗೆ ಹೋಗಿ ಪ್ರಿಬಿಲ್‌ರನ್ನು ಹಿಡಿದ.

“ಮಿಸ್ಟರ್ ಪ್ರಿಬಿಲ್, ನಮ್ಮ ಹುಡುಗಿಗೆ ಕಾಲೇಜು ಹತ್ತಲ್ಲ. ಫೇಲಾಗ್ತಾಳೆ. ಸೆಪ್ಟೆಂಬರ್‌ನಲ್ಲಿ ಇಲ್ಲೇ ಇರ್ತಾಳೆ.”

ಪ್ರಿಬಿಲ್ ಅವನ ಭುಜ ತಟ್ಟಿದರು. “ಆರ್ಲೋ, ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತೆ. ನನ್ನ ಮನಸ್ಸಿಗೆ ನೋವಾಗಬಾರದು ಅಂತ ಹೀಗೆಲ್ಲಾ ಹೇಳ್ತಿದೀರಿ. ಕೊಂಬಿನ ಚಿಂತೆ ಬಿಡಿ. ಒಂಬತ್ತನೇ ತರಗತಿಯ ಒಬ್ಬನಿಗೆ ಕಲಿಸ್ತಿದೀನಿ. ಅದನ್ನ ಹಾಕ್ಕೊಂಡ್ರೆ ಎಡಗಡೆಗೆ ವಾಲಿ ಬೀಳ್ತಾನೆ, ಆದ್ರೂ ಕಲೀತಾನೆ.”

ಆರ್ಲೋ ಇನ್ನೂ ಜೋರಾಗಿ ನಿರಾಕರಿಸಿದ. ಅವನು ನಿರಾಕರಿಸಿದಷ್ಟೂ ಟೋವಾ ಮೇಲೇರಿದಳು. ಶುಕ್ರವಾರದ ಹೊತ್ತಿಗೆ ಪ್ರೊಫೆಸರುಗಳೇ ಅವಳ ಬಳಿ ಅನುಮಾನ ಕೇಳಿಕೊಂಡು ಬರುತ್ತಿದ್ದಾರೆಂದು ನನ್ನ ಪ್ರಯೋಗಾಲಯದಲ್ಲಿಯೇ ಸುದ್ದಿಯಿತ್ತು. ನಾನು ಸತ್ಯ ಹೇಳಲು ಹೋದೆ. “ಒಂದೇ ಬೀದಿಯವರು ನೀವು, ನಿಮಗೆ ಹೊಟ್ಟೆಕಿಚ್ಚಿರೋದು ಸಹಜ,” ಎಂದರು ಸಹೋದ್ಯೋಗಿಗಳು.

ನಮ್ಮ ಕಡೆ ಮಕ್ಕಳು ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೊರಟಾಗ ಮನೆಯ ಗ್ಯಾರೇಜು ತೊಳೆದು, ಮಡಚುವ ಕುರ್ಚಿ ಹಾಕಿ, ಊರಿಗೆಲ್ಲ ಹಂದಿಮಾಂಸದ ಬನ್ನು, ಕೇಕು ಕೊಡುವ ಪದ್ಧತಿಯಿದೆ. ಇಷ್ಟು ದೊಡ್ಡ ಸಾಧನೆಗೆ ಬ್ರೆಕ್ಕೆಯವರು ಏನೂ ಮಾಡಲಿಲ್ಲವೆಂದರೆ ಅದು ಅವರ ವಿನಯವೆಂದು ಆರ್ಡಿಸ್ ತೀರ್ಮಾನಿಸಿ, ತಾನೇ ಮುಂದೆ ನಿಂತು ಏರ್ಪಾಡು ಮಾಡಿದಳು. ಟಾರ್ಡಲ್‌ನಲ್ಲಿ ಯಾರೂ ಗ್ಯಾರೇಜಿಗೆ ಬೀಗ ಹಾಕುವುದಿಲ್ಲ. ಶನಿವಾರ ಟೋವಾ ತನ್ನ ತಾಯಿ ಲವೋನಳ ಜೊತೆ ದಿನಸಿ ಅಂಗಡಿಯಿಂದ ಬರುವಷ್ಟರಲ್ಲಿ ಅವರ ಗ್ಯಾರೇಜಿನಲ್ಲಿ ಊರು ತುಂಬಿತ್ತು. ಆರ್ಲೋ ಅವರ ನಡುವೆ, ಬನ್ನು ಹಿಡಿದುಕೊಂಡು, ಅಪರಾಧಿಯಂತೆ ನಿಂತಿದ್ದ.

ಹಾಸ್ಟೆಲ್ ಕೋಣೆಗೆ ಬೇಕಾಗುವುದೆಲ್ಲ ಉಡುಗೊರೆಯಾಗಿ ಬಂದಿತ್ತು: ಟವೆಲುಗಳು, ಬಟ್ಟೆ ಬುಟ್ಟಿಗಳು, ಓದುವ ದೀಪ. ನಡುವೆ ಕೆಂಪು ರಿಬ್ಬನ್ನು ಕಟ್ಟಿದ ಒಂದು ಪುಟ್ಟ ಫ್ರಿಜ್ಜು, ಆರ್ಡಿಸ್ ಕೊಟ್ಟದ್ದು. ಮೂಲೆಯಲ್ಲಿ ಪ್ರಿಬಿಲ್ ಸೂಸಫೋನನ್ನು ಮೈಗೆ ಸುತ್ತಿಕೊಂಡು, ಎರಡು ಕುರ್ಚಿಗಳನ್ನು ಆಕ್ರಮಿಸಿ ಕೂತಿದ್ದರು. ವಿದಾಯದ ರಾಗವೊಂದನ್ನು ಊದುವುದಕ್ಕೆ.

ಟೋವಾ ಆ ಫ್ರಿಜ್ಜನ್ನು ನೋಡಿದಳು. ಕೊಂಬನ್ನು ನೋಡಿದಳು. ಓಡಿಹೋಗುತ್ತಾಳೆಂದು ನಾನು ಅಂದುಕೊಂಡೆ. ಅವಳು ಪಾನೀಯಗಳನ್ನು ತುಂಬಿಟ್ಟಿದ್ದ ಐಸ್ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತಳು.

“ನಾನು ಶಾಲೆ ಬಿಟ್ಟಿಲ್ಲ. ಒಂದು ಬೇಸಿಗೆ ಕೋರ್ಸಿಗೆ ಸೇರಿದೀನಿ, ಅಷ್ಟೆ. ಅದರಲ್ಲೂ ನೂರಕ್ಕೆ ನಲವತ್ತೊಂದು ಬಂದಿದೆ. ಸೋಮವಾರ ಬಿಟ್ಟುಬಿಡ್ತೀನಿ.”

ಜನ ಪರಸ್ಪರ ಮುಖ ನೋಡಿ ತಲೆದೂಗಿದರು. “ಎಷ್ಟು ವಿನಯ!” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. “ಅಪ್ಪನ ರಕ್ತ!”

“ಸರಿಯಮ್ಮಾ, ನಿನಗೇನೂ ಬರಲ್ಲ,” ಎಂದಳು ಆರ್ಡಿಸ್, ಕಣ್ಣು ಮಿಟುಕಿಸಿ. “ನಿಮ್ಮಪ್ಪ ನನ್ನ ಮನೆಗೆ ಇಷ್ಟು ವರ್ಷದಿಂದ ಉಪ್ಪು ಹೊರ್ತಾನೆ. ಉಪ್ಪು ಹಾಕಿದ್ರೆ ನೀರು ಮೆದುವಾಗೋದು ಹೇಗೋ, ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ ಅಂತಲೇ ಇಟ್ಕೊಳ್ಳೋಣ.”

ಟೋವಾ ಬಾಯಿ ತೆರೆದಳು. “ಗಡಸು ನೀರಲ್ಲಿ ಕ್ಯಾಲ್ಸಿಯಂ ಇರುತ್ತೆ. ಅದರದ್ದು ಧನ ಎರಡು. ಉಪ್ಪಲ್ಲಿ ಸೋಡಿಯಂ. ಅದರದ್ದು ಧನ ಒಂದು. ಯಂತ್ರದೊಳಗೆ ಋಣದ ಮಣಿಗಳು... ಆಮೇಲೆ...”

ನಿಂತಳು. ಮುಖ ಕೆಂಪಾಯಿತು. ಗ್ಯಾರೇಜಿನಲ್ಲಿದ್ದವರೆಲ್ಲ ಕಾದರು. ಅವಳು ಮತ್ತೆ ಬಾಯಿ ತೆರೆದಳು, ಏನೂ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿತು.

ಆಗ ಮೊದಲ ಬಾರಿಗೆ ಊರಿಗೆ ನಂಬಿಕೆ ಬಂತು. ಗೊಣಗಾಟವನ್ನು ಪರಿವರ್ತಿಸಬಹುದು, ಆದರೆ ಕಣ್ಣೆದುರು ತಡವರಿಸುವ ಹುಡುಗಿಯನ್ನು ಯಾವ ಲೆಕ್ಕಕ್ಕೂ ಪರಿವರ್ತಿಸಲಾಗದು. ಆರ್ಡಿಸಳ ನಗು ಮಾಯವಾಯಿತು. ಯಾರೋ ಕೇಕಿನ ಮೇಲೆ ಕರವಸ್ತ್ರ ಮುಚ್ಚಿದರು.

ಅಷ್ಟರಲ್ಲಿ ಮಾತಾಡಿದವನು ಆರ್ಲೋ. ಎಂದಿನಂತೆ ಸಂಬಂಧವಿಲ್ಲದ ಮಾತು. ಕೂತು ಬನ್ನು ತಿನ್ನೋಣವೆಂದು ಜಾಗ ಹುಡುಕುತ್ತಿದ್ದ. “ಮಿಸ್ಟರ್ ಪ್ರಿಬಿಲ್, ಸ್ವಲ್ಪ ಸರ್ಕೊಳ್ಳಿ. ನೀವು ಬಂದ್ರಿ ಅಂತ ಎರಡು ಮಕ್ಕಳು ಎದ್ದು ಹೋಗ್ಬೇಕಾಯ್ತು, ಪಾಪ.”

ಟೋವಾ ಅಪ್ಪನನ್ನು ನೋಡಿದಳು. ಪ್ರಿಬಿಲ್‌ರನ್ನು ನೋಡಿದಳು. ಎರಡು ಕುರ್ಚಿಗಳನ್ನು ನೋಡಿದಳು.

“ಏಳಬೇಡಿ!” ಎಂದು ಕಿರುಚಿದಳು. ಅರ್ಧ ಎದ್ದಿದ್ದ ಪ್ರಿಬಿಲ್ ಹೆದರಿ ಕೂತರು. “ಮಿಸ್ಟರ್ ಪ್ರಿಬಿಲ್, ನೀವು ಕ್ಯಾಲ್ಸಿಯಂ!”

“ಆಗಲಿ,” ಎಂದರು ಅವರು, ಸಣ್ಣ ದನಿಯಲ್ಲಿ.

ಅವಳು ಐಸ್ ಪೆಟ್ಟಿಗೆಯಿಂದ ಹಾರಿ, ಮಿಕ್ಕ ಕುರ್ಚಿಗಳಲ್ಲೆಲ್ಲ ಮಕ್ಕಳನ್ನು ಕೂರಿಸಿದಳು. “ಕುರ್ಚಿಗಳೆಲ್ಲ ಮಣಿಗಳು. ಮಕ್ಕಳು ಸೋಡಿಯಂ, ಒಬ್ಬರಿಗೆ ಒಂದೇ ಕುರ್ಚಿ. ಈಗ ಗಡಸು ನೀರು ಬರ್ತಿದೆ. ಅದರೊಳಗೆ ಕ್ಯಾಲ್ಸಿಯಂ. ಅವರಿಗೆ ಎರಡು ಕುರ್ಚಿ ಬೇಕು. ಒಬ್ಬರು ಕೂತ್ರೆ ಇಬ್ಬರು ಏಳಬೇಕು. ಎದ್ದೋರು ನೀರಿನ ಜೊತೆ ಮನೆಯೊಳಕ್ಕೆ ಹೋಗ್ತಾರೆ. ಎರಡಕ್ಕೆ ಎರಡು. ಸಮ!” ಅವಳೇ ಬೆರಗಾಗಿ ನಿಂತಳು. “ಸಮ ಮಾಡೋದು ಅಂದ್ರೆ ಇಷ್ಟೇನಾ? ಕುರ್ಚಿ ಎಣಿಸೋದಾ?”

“ಹಾಗಾದ್ರೆ ಉಪ್ಪು ಎಲ್ಲಿ ಬಂತು?” ಎಂದಳು ಆರ್ಡಿಸ್. ನಿಯಮ ಮರೆತು ಅವಳು ನೇರ ಪ್ರಶ್ನೆ ಕೇಳಿಬಿಟ್ಟಿದ್ದಳು.

“ಕೊನೆಗೆ ಕುರ್ಚಿಗಳಲ್ಲೆಲ್ಲ ಪ್ರಿಬಿಲ್‌ಗಳೇ ತುಂಬ್ತಾರೆ. ಆಗ ಅಪ್ಪ ಬಂದು ಉಪ್ಪು ಸುರೀತಾನೆ. ಅಂದ್ರೆ ಮಕ್ಕಳ ಹಿಂಡು!” ಟೋವಾ ಹೊರಗೆ ಆಡುತ್ತಿದ್ದ ಮಕ್ಕಳನ್ನೆಲ್ಲ ಕೂಗಿದಳು. “ಬನ್ನಿ, ಮಿಸ್ಟರ್ ಪ್ರಿಬಿಲ್‌ನ ತಳ್ಳಿ! ಒಬ್ಬಿಬ್ಬರಿಂದ ಆಗಲ್ಲ, ಎಲ್ಲರೂ ಬನ್ನಿ!”

ಮೇಷ್ಟ್ರನ್ನು ತಳ್ಳುವ ಅವಕಾಶ ಮಕ್ಕಳಿಗೆ ದಿನಾ ಸಿಗುವುದಿಲ್ಲ. ಊರಿನ ಅಷ್ಟೂ ಸೋಡಿಯಂ ಒಮ್ಮೆಲೇ ನುಗ್ಗಿತು. ಎರಡು ಮಡಚು ಕುರ್ಚಿಗಳು ಮಡಚಿಕೊಂಡವು, ಕೊಂಬು ತಾನಾಗಿಯೇ ಒಮ್ಮೆ ಊದಿತು, ಕ್ಯಾಲ್ಸಿಯಂ ಚರಂಡಿಯ ದಿಕ್ಕಿಗೆ, ಅಂದರೆ ಹುಲ್ಲುಹಾಸಿನ ಕಡೆಗೆ, ಹೊರಟುಹೋಯಿತು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ವಿವರಣೆಯಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಅಷ್ಟು ಹೊತ್ತು ವಿವರಿಸಿದ್ದು ಅವಳ ನೆನಪಿನಲ್ಲಿಯೂ ಇರಲಿಲ್ಲ.

ಪ್ರಿಬಿಲ್ ಹುಲ್ಲಿನ ಮೇಲೆ ಕೂತಲ್ಲಿಂದಲೇ ಕೇಳಿದರು: “ಹಾಗಾದ್ರೆ, ಸೆಪ್ಟೆಂಬರ್‌ನಲ್ಲಿ ನೀನು ಇರ್ತೀಯಾ?”

“ಇರ್ತೀನಿ.”

ಅವರು ಎದ್ದು ಬಂದು, ಕೊಂಬನ್ನು ತಮ್ಮ ಮೈಯಿಂದ ಬಿಡಿಸಿ, ಅವಳ ಹೆಗಲಿಗೆ ಸುತ್ತಿದರು. ಜನರ ನಡುವಿನಿಂದ ಒಂಬತ್ತನೇ ತರಗತಿಯ ಹುಡುಗನೊಬ್ಬ ದೀರ್ಘವಾಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಟೋವಾ ಫ್ರಿಜ್ಜನ್ನು ವಾಪಸು ಕೊಡಲು ಹೋದಳು. “ಇಟ್ಕೊಳ್ಳೇ,” ಎಂದಳು ಆರ್ಡಿಸ್. “ಈ ವರ್ಷ ಅಲ್ಲದಿದ್ರೆ ಮುಂದಿನ ವರ್ಷ ಬೇಕಾಗುತ್ತೆ.” ಸದ್ಯಕ್ಕೆ ಆರ್ಲೋ ಅದರಲ್ಲಿ ಗಾಳದ ಎರೆಹುಳುಗಳನ್ನು ಇಟ್ಟಿದ್ದಾನೆ.

ಸೋಮವಾರ ಟೋವಾ ಕಾಲೇಜಿಗೆ ಹೋದಳು, ಹೆಸರು ತೆಗೆಸಲಿಲ್ಲ. ಆಮೇಲಿನ ವಾರಗಳಲ್ಲಿ ಬ್ರೆಕ್ಕೆಯವರ ಅಡುಗೆಮನೆಯ ಕುರ್ಚಿಗಳು ಸದಾ ಜಾಗ ಬದಲಿಸುತ್ತಿದ್ದವು. ಅಲ್ಯೂಮಿನಿಯಂ ಪಾಠದ ದಿನ ಲವೋನ್ ನಮ್ಮಲ್ಲಿಗೆ ಬಂದು, “ಇದಕ್ಕೆ ಮೂರು ಬೇಕಂತೆ,” ಎಂದು ಒಂದು ಕುರ್ಚಿ ಕೇಳಿ ಒಯ್ದಳು.

ಫಲಿತಾಂಶ ಬಂತು. ಬಿ ಗ್ರೇಡು. ಕ್ರೆಡಿಟ್ಟುಗಳು ಸಿಕ್ಕಿದವು. ಆ ದಿನ ಆರ್ಲೋ ಆರ್ಡಿಸಳ ಮನೆಗೆ ಉಪ್ಪು ಹೊತ್ತು ಹೋದ. ಇನ್ನು ಗೊಣಗಬಾರದೆಂದು ಮಗಳಿಗೆ ಮಾತು ಕೊಟ್ಟಿದ್ದ. ಹಾಗಾಗಿ ಚೀಲ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, ಟಾರ್ಡಲ್‌ನ ಇತಿಹಾಸದಲ್ಲಿ ಯಾರೂ ಆಡದ ಮಾತನ್ನು ಆಡಿದ.

“ನನ್ನ ಮಗಳು ತುಂಬಾ ಒಳ್ಳೆ ಹುಡುಗಿ, ಆರ್ಡಿಸ್. ಚೆನ್ನಾಗಿ ಮಾಡಿದಳು. ಅವಳನ್ನ ಕಂಡ್ರೆ ನನಗೆ ಹೆಮ್ಮೆ.”

ಆರ್ಡಿಸಳ ಮುಖ ಬಿಳಿಚಿತು. ಇಂಥ ಮಾತನ್ನು ಅವಳು ಕೇಳಿದ್ದು ಶವಪೆಟ್ಟಿಗೆಗಳ ಪಕ್ಕದಲ್ಲಿ ಮಾತ್ರ. ಏನೋ ದೊಡ್ಡ ಅನಾಹುತವಾಗಿದೆ, ಕೇಳುವಂತಿಲ್ಲ. ಅವನ ಕೈ ಒತ್ತಿ, ಕಣ್ಣೊರೆಸಿಕೊಂಡು ಬೀಳ್ಕೊಟ್ಟಳು.

ಸಂಜೆಯೊಳಗೆ ಬ್ರೆಕ್ಕೆಯವರ ಮನೆಗೆ ಬೀದಿಯುದ್ದಕ್ಕೂ ಹಾಟ್‌ಡಿಶ್‌ಗಳು ಬಂದವು. ತಂದವರೆಲ್ಲ ತಲೆ ತಗ್ಗಿಸಿ, ಪಾತ್ರೆ ಇಟ್ಟು, ಮಾತಿಲ್ಲದೆ ಹೋದರು. ಕೊನೆಗೆ ಟೋವಾಳೇ ಬಾಗಿಲಿಗೆ ಬಂದು, “ನಾನು ಪಾಸಾಗಿದೀನಿ!” ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಬೇಕಾಯಿತು. ಬೇಯಿಸಿದ್ದನ್ನು ವಾಪಸು ಒಯ್ಯುವುದು ಸಭ್ಯತೆಯಲ್ಲವಾದ್ದರಿಂದ ಎಲ್ಲರೂ ಅಲ್ಲೇ ಗ್ಯಾರೇಜಿನಲ್ಲಿ ಕೂತು ತಿಂದೆವು.

ಅಂದಿನಿಂದ ನಮ್ಮ ಬೀದಿಯಲ್ಲಿ ನೆಮ್ಮದಿಯಿಲ್ಲ. ಎದುರುಮನೆಯ ಹುಡುಗಿ ಸಂಜೆಯಾದರೆ ಸೂಸಫೋನ್ ಊದುತ್ತಾಳೆ. ಬೆಳಗಾದರೆ ಜೀವಶಾಸ್ತ್ರದ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬರುತ್ತಾಳೆ. ಮುಂದಿನ ಬೇಸಿಗೆಯ ಕೋರ್ಸಿಗೆ ಈಗಲೇ ತಯಾರಿಯಂತೆ. ಅವಳನ್ನು ನೋಡಿ ಆ ಒಂಬತ್ತನೇ ತರಗತಿಯ ಹುಡುಗನೂ ಬರತೊಡಗಿದ್ದಾನೆ. ನಮ್ಮ ಮನೆಯಲ್ಲಿ ನನಗೇ ಕೂರಲು ಒಂದು ಕುರ್ಚಿಯಿಲ್ಲ. ಏನು ಹೇಳಲಿ, ಹಾಳಾದ ಬೇಸಿಗೆ.